ಬಾಯಿಗೆ ಏನೂ ಕೊಡಬಾರದು

ಭಾನುವಾರ. ರಾತ್ರಿಪಾಳಿ ಇಳಿದು
ದೊಡ್ಡಾಸ್ಪತ್ರೆಯ ಗೇಟು ದಾಟಿದರೆ ಎಂಟು ಗಂಟೆ.
ಟಾಂಗಾ ಕುದುರೆಯೊಂದು ನಿಂತಲ್ಲೇ ತೂಕಡಿಸುತ್ತಿದೆ
ನನ್ನ ಹಾಗೆಯೇ. ಅದಕ್ಕಾದರೂ ನಾಲ್ಕು ಕಾಲು.

ನಡುರಾತ್ರಿಯಿಂದ ನಾನೂ ಏನೂ ಮುಟ್ಟಿಲ್ಲ.
ಒಂದು ಗಂಟೆ ಮುಂಚೆ ಬಿಟ್ಟರೆ ಸಾಕು ಅನ್ನುತ್ತಾರೆ ಸ್ವಾಮಿಗಳು,
ನನಗೆ ಅವ್ವ ಇನ್ನಾಸಮ್ಮನ ಲೆಕ್ಕವೇ ಲೆಕ್ಕ:
ಹನ್ನೆರಡು ಹೊಡೆದ ಮೇಲೆ ನೀರೂ ಇಲ್ಲ,
ಉಗುಳು ನುಂಗಿದರೂ ದೇವರು ಎಣಿಸುತ್ತಾನೆ ಅಂತ
ಹೆದರಿಸಿ ಬೆಳೆಸಿದವಳು; ತಾನು ಮಾತ್ರ
ಎಲೆಅಡಿಕೆ ಊಟವಲ್ಲ ಎಂದು ವಾದಿಸಿದವಳು.

ಲಷ್ಕರ್ ಮೊಹಲ್ಲಾ ಹಾದು ಅಶೋಕ ರಸ್ತೆಗೆ ಬಂದರೆ
ಎರಡು ಗೋಪುರ, ನಡುವೆ ಪಾರಿವಾಳಗಳ ಜಗಳ.
ಮೊದಲು ನೆಲಮಾಳಿಗೆಗೆ ಇಳಿಯುವುದು ರೂಢಿ.
ಗಾಜಿನೊಳಗೆ ಮಲಗಿದ್ದಾಳೆ ಫಿಲೋಮಿನಾ.
ಎಷ್ಟು ವರ್ಷವಾದರೂ ನನ್ನ ಕಣ್ಣು ಮೊದಲು ಹುಡುಕುವುದು
ದಿಂಬು ಸರಿಯಿದೆಯೇ, ಮಗ್ಗುಲು ಬದಲಿಸಬೇಕೇ ಎಂದು.
ಕಸುಬಿನ ರೋಗ. ಕ್ಷಮಿಸು ತಾಯಿ.

ಮೇಲೆ ಪೂಜೆ ಶುರುವಾಗಿದೆ.
ಮಂಡಿಯೂರಿದರೆ ಮಂಡಿಯೇ ವಯಸ್ಸು ಹೇಳುತ್ತದೆ: ಐವತ್ತಮೂರು.
ಪ್ರಸಂಗದ ಹೊತ್ತಿಗೆ ನಾನು ಮತ್ತೆ ವಾರ್ಡಿನಲ್ಲಿ,
ಹದಿನಾಲ್ಕನೇ ಮಂಚ. ತಲೆಕಡೆ ರಟ್ಟಿನ ಹಲಗೆ:
‘ಬಾಯಿಗೆ ಏನೂ ಕೊಡಬಾರದು.’
ಬರೆದದ್ದು ನಾನೇ, ನೀಲಿ ಸ್ಕೆಚ್ ಪೆನ್ನಲ್ಲಿ, ಮುದ್ದಾಗಿ.
ಪಾಂಡವಪುರದ ಸಣ್ಣಯ್ಯ. ಆಲೆಮನೆಯಲ್ಲಿ
ಬೆಲ್ಲದ ಕೊಪ್ಪರಿಗೆ ಕಾದ ಕೈ, ಈಗ ಸೂಜಿಗೆ ನರ ಸಿಗದ ಕೈ.
ನಾಲ್ಕು ದಿನದಿಂದ ಬಾಟಲಿಯೇ ಊಟ.
ಮೂರು ಗಂಟೆಗೆ ಕರೆದ: ‘ಸಿಸ್ಟರ್, ಒಂದೇ ಗುಟುಕು ಕಾಪಿ.
ನುಂಗಲ್ಲ, ಬಾಯಲ್ಲಿಟ್ಕೊಂಡು ಉಗಿದುಬುಡ್ತೀನಿ.’
ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದೆ.
ಹತ್ತಿಯನ್ನೇ ಹಲ್ಲಲ್ಲಿ ಹಿಡಿದ. ಬಿಡಿಸಬೇಕಾಯಿತು.

ಸಾಲು ಸರಿಯುತ್ತದೆ.
‘ಕ್ರಿಸ್ತರ ಶರೀರ.’ ‘ಆಮೆನ್.’
ನಾಲಗೆಯ ಮೇಲಿನ ಆ ತೆಳು
ಅಂಗುಳಿಗೆ ಅಂಟಿ ಮೆಲ್ಲಗೆ ಇಲ್ಲವಾಗುವಾಗ
ನೆನಪಾದದ್ದು ಯೇಸುವಲ್ಲ, ಆ ಹತ್ತಿ.
ಇದು ಪಾಪವೋ ಪ್ರಾರ್ಥನೆಯೋ, ಪಾಪನಿವೇದನೆಯಲ್ಲಿ ಕೇಳಬೇಕು.
ಕೇಳುವುದಿಲ್ಲ. ಗೊತ್ತು.

ಮಂಡಿ ಮೊಹಲ್ಲಾದ ಹೋಟೆಲಲ್ಲಿ ರಜೆಯ ನೂಕು.
‘ಒಬ್ರೇನಾ ಮೇಡಂ?’ ಹುಡುಗ ನನ್ನ ಹಿಂದಕ್ಕೆ ಇಣುಕುತ್ತಾನೆ,
ಗಂಡ ಗಾಡಿ ನಿಲ್ಲಿಸಿ ಬರುತ್ತಿರಬಹುದು ಎಂಬಂತೆ.
ಯಾರೂ ಬರುತ್ತಿಲ್ಲ ಮಗು. ಮೂವತ್ತು ವರ್ಷದಿಂದ
ಅದೇ ಉತ್ತರ, ಹುಡುಗರು ಮಾತ್ರ ಬದಲು.
ಕೈತೊಳೆಯುವ ತೊಟ್ಟಿಯ ಪಕ್ಕ ಜಾಗ ಸಿಕ್ಕಿತು.
ಎದುರಿಗೊಂದು ಸಂಸಾರ; ಮಗುವಿನ ಮೂಗಿಗೆಲ್ಲ ಸಾಗು.
ಅದರ ಅಮ್ಮ ನನ್ನ ಜಪಸರ ನೋಡಿ, ಬಿಳಿ ಬಟ್ಟೆ ನೋಡಿ
‘ಕಾನ್ವೆಂಟ್ ಸಿಸ್ಟರಾ?’ ಅಂದಳು.
‘ಆಸ್ಪತ್ರೆ ಸಿಸ್ಟರು.’
ಬಣ್ಣ ಒಂದೇ; ಅವರಿಗಾದರೆ
ಊಟಕ್ಕೆ ಯಾರೋ ಗಂಟೆ ಬಾರಿಸುತ್ತಾರೆ.

ಸೆಟ್ ದೋಸೆ ಬಂತು, ಬೆಣ್ಣೆ ಜಾರುತ್ತ.
ಮೇಜಿನ ಕೆಳಗೆ, ಹೆಬ್ಬೆರಳಲ್ಲಿ ಅಂಗೈಗೆ ಪುಟ್ಟ ಶಿಲುಬೆ.
ಅವ್ವನಾದರೆ ಊರಿಗೆಲ್ಲ ಕಾಣುವಂತೆ ಹಾಕುತ್ತಿದ್ದಳು.
ಮೊದಲ ತುತ್ತಿನ ಬಿಸಿಗೆ ಕಣ್ಣಲ್ಲಿ ನೀರು.
ಬಿಸಿಗೇ.
ಯಾರಿಗೂ ತಿನ್ನಿಸಬೇಕಿಲ್ಲ, ಯಾರ ಬಾಯೂ ಒರೆಸಬೇಕಿಲ್ಲ,
ಎಷ್ಟು ಇಳಿಯಿತೆಂದು ಚಾರ್ಟಿನಲ್ಲಿ ಬರೆಯಬೇಕಿಲ್ಲ.

ಕಾಪಿ. ಸ್ಟೀಲು ಲೋಟ, ಅಂಚಿನ ತನಕ ನೊರೆ.
ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡೆ, ಅವನು ಹೇಳಿದ ಹಾಗೆ,
ಎಷ್ಟು ಹೊತ್ತು ಇಡಬಹುದು ನೋಡೋಣ ಅಂತ.
ಹನ್ನೊಂದು ಎಣಿಸಿದೆ. ನುಂಗಿದೆ.
ಉಗಿಯುವುದು ಆಗದ ಮಾತು ಸಣ್ಣಯ್ಯ, ಸುಳ್ಳು ಹೇಳಿದೆ ನೀನು.

‘ಇನ್ನೊಂದು ಕಾಪಿ,’ ಅಂದೆ.
ಅದು ಅವನ ಪಾಲಿನದು ಎಂದರೆ ಚೆನ್ನಾಗಿರುತ್ತಿತ್ತು.
ಅಲ್ಲ. ಅದೂ ನನಗೇ.
ಹುಡುಗ ಸೋಂಪಿನ ತಟ್ಟೆಯ ಕೆಳಗೆ ಬಿಲ್ಲು ಇಟ್ಟು ಹೋದ.
ರಾತ್ರಿ ಮತ್ತೆ ಪಾಳಿ. ಹಲಗೆ ತೆಗೆದಿರುತ್ತಾರೋ,
ಮಂಚವೇ ಖಾಲಿಯೋ. ಈಗ
ಬಿಸಿಲು ಲೋಟದ ತಳಕ್ಕೆ ಇಳಿದಿದೆ,
ಕರಗದೆ ಉಳಿದ ಸಕ್ಕರೆಯನ್ನು
ಬೆರಳಲ್ಲಿ ಬಳಿದು ನೆಕ್ಕುತ್ತೇನೆ.