ಉಪ್ಪು ಇಳಿಯುವ ಊರು

ಮೊದಲ ವಾರ ಉಪ್ಪು ಕೇಳಿದೆ,
ಸಿಗರೇಟು ಕೊಟ್ಟಳು ಅಂಗಡಿಯ ಲ್ಯಾವ್ ನ್ಯಾಂಗ್‌ನ್ಯಾಂಗ್.
ಎರಡಕ್ಕೂ ಒಂದೇ ಮಾತು, ಯೆನ್.
ಏರಿಸಿದರೆ ಉಪ್ಪು, ಮಟ್ಟಸವಾಗಿ ಎಳೆದರೆ ಹೊಗೆ
ಅಂತ ಪುಸ್ತಕದಲ್ಲಿತ್ತು.
ಏರಿಸಿಯೇ ಅಂದಿದ್ದೆ ನಾನು,
ಹುಬ್ಬಿನ ಸಮೇತ.

ಬೇಡ ಅನ್ನುವ ಮಾತು ಗೊತ್ತಿತ್ತು,
ನಾಚಿಕೆಗೆ ನೆನಪಾಗಲಿಲ್ಲ.
ಹನ್ನೆರಡು ಯುವಾನ್ ಎಣಿಸಿ ಕೊಟ್ಟು
ಸಪ್ಪೆ ಅನ್ನ ಉಂಡೆ.
ಮಾರನೇ ದಿನ ಬೆರಳು ತೋರಿಸಿ ಉಪ್ಪು ತಂದದ್ದು ಬೇರೆ ಮಾತು;
ಬಾಯಿಬಿಟ್ಟು ಕೇಳಿದಾಗಲೆಲ್ಲ ಬಂದದ್ದು ಸಿಗರೇಟೇ.

ಸೇದದವಳ ಚೀಲದಲ್ಲಿ ಅದು ಎಷ್ಟು ದಿನ ಇದ್ದೀತು?
ಗೇಟಿನ ಕುವಾಂಗ್ ತಾತನ ಕೈಗೆ ಹಾಕಿದೆ.
ಪ್ಯಾಕು ತಿರುಗಿಸಿ ನೋಡಿದ, ನನ್ನನ್ನೂ ನೋಡಿದ,
ಒಂದು ತೆಗೆದು ಕಿವಿಗೆ ಸಿಕ್ಕಿಸಿಕೊಂಡು
ಕೂತಿದ್ದ ಬಿದಿರ ಕುರ್ಚಿಯನ್ನು
ಫ್ಯಾನಿನ ಎದುರಿಂದ ಒಂದು ಗೇಣು ಆಚೆ ಸರಿಸಿದ.
ಆ ಒಂದು ಗೇಣು ನನಗೆ.

ಹೀಗೆ ಶುರುವಾಯಿತು ಜಿಗೊಂಗಿನಲ್ಲಿ ನನ್ನ ಬೇಸಿಗೆ.

ಹಗಲೆಲ್ಲ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ
ಹದಿನಾರು ಕೋಟಿ ವರ್ಷದ ಒಂದು ಪಕ್ಕೆಲುಬಿಗೆ
ಅಂಟಿದ ಕಲ್ಲನ್ನು ಸೂಜಿಯಲ್ಲಿ ಬಿಡಿಸುತ್ತೇನೆ.
ದಿನಕ್ಕೆ ಉಗುರಗಲ. ಅವಸರ ಅದಕ್ಕೂ ಇಲ್ಲ.
ಸಂಜೆ ಆರನೇ ಮಹಡಿಗೆ ತೊಂಬತ್ತಾರು ಮೆಟ್ಟಿಲು:
ಮೂರರಲ್ಲಿ ಯಾರದೋ ಮೆಣಸಿನಕಾಯಿ ಘಾಟಿಗೆ ಕೆಮ್ಮು,
ಐದರಲ್ಲಿ ಮಾಜಾಂಗಿನ ಕಾಯಿಗಳ ಸದ್ದು,
ಬೆಣಚುಕಲ್ಲು ತೊಳೆದ ಹಾಗೆ.
ಹಾಸಿಗೆಯ ಮೇಲೆ ಬಿದಿರ ಚಾಪೆ.
ಬೆಳಿಗ್ಗೆ ತೋಳಿನ ತುಂಬ ಅದರ ಗೀರು;
ತಿಂಗಳು ಕಳೆಯುವಷ್ಟರಲ್ಲಿ
ಗೀರು ಬೀಳುವುದು ನಿಂತಿತೋ, ನಾನು ನೋಡುವುದು ನಿಂತಿತೋ.

ಅಂಗಳದ ಮಕ್ಕಳಿಗೆ ನಾನು ‘ಯಿಂದು’.
ನನ್ನ ದೇಶಕ್ಕೆ ಅವರಿಟ್ಟ ಹೆಸರು ಅದು;
ನನ್ನ ಹೆಸರಿನ ಳಕಾರ ಅವರ ನಾಲಿಗೆಗೆ ಒಗ್ಗದು.
ಯಿಂದು ಬಂದಳು, ಯಿಂದು ಬಿದ್ದಳು,
ಯಿಂದು ಕಲ್ಲಂಗಡಿಯ ಬೀಜ ನುಂಗಿದಳು.
ನನ್ನ ಕಿವಿಗೆ ಕೇಳುವುದು ಬರೀ ಇಂದು, ಇಂದು.
ನಿನ್ನೆ ನಾಳೆ ಯಾವುದೂ ಇಲ್ಲದವಳ ಹಾಗೆ
ಕಸದ ಚೀಲ ಹಿಡಿದು ಇಳಿಯುತ್ತೇನೆ.

ಜುಲೈನಲ್ಲಿ ಸೇತುವೆಯ ಹತ್ತಿರ ಒಬ್ಬ ಮುದುಕಿ
ತಂತಿಗೆ ಜೋಡಿ ಜೋಡಿ ಮೊಗ್ಗು ಸಿಕ್ಕಿಸಿ ಮಾರುತ್ತಿದ್ದಳು.
ಬಗ್ಗಿ ಮೂಸಿದರೆ ಬಿಳಿ ಸಂಪಿಗೆ!
ಕೈ ತಾನಾಗಿ ಮುಡಿಗೆ ಹೋಯಿತು.
ಅವಳು ಮಣಿಕಟ್ಟು ಹಿಡಿದು ಕೆಳಗಿಳಿಸಿ
ನನ್ನ ಅಂಗಿಯ ಎರಡನೇ ಗುಂಡಿ ತೋರಿಸಿದಳು.
ಹೂವಿಗೆ ಎರಡು ಯುವಾನ್, ಪಾಠ ಬಿಟ್ಟಿ.

ಕುವಾಂಗ್ ತಾತ ಇಪ್ಪತ್ತೆಂಟು ವರ್ಷ ಉಪ್ಪುನೀರು ಕುದಿಸಿದವನು.
ಬಾವಿ ಎಷ್ಟು ಆಳ ಅಂತ ಕೇಳಿದೆ.
ಎದುರಿನ ಗುಡ್ಡ ತೋರಿಸಿ, ಬೆರಳನ್ನು ನೆಲಕ್ಕೆ ತಿರುಗಿಸಿ,
ಅಂಥವು ಏಳು ಅಂದ.
ನನ್ನ ಸ್ವರ ತಿದ್ದಿದವನೂ ಅವನೇ.
ಬೀಜಿಂಗಿನವರ ಉಪ್ಪು ಏರುತ್ತದೆ, ಅವರಿಗೇನು,
ಪ್ಯಾಕೆಟ್ಟಿನಲ್ಲಿ ಬರುತ್ತದೆ.
ನಮ್ಮದು ಇಳಿಯುತ್ತದೆ.
ಬಾವಿಗೆ ಹಗ್ಗ ಬಿಟ್ಟ ಹಾಗೆ ಹೇಳು.
ಯೆನ್. ಇನ್ನೂ ಕೆಳಗೆ. ಯೆನ್.

ಮೋಟು ಸಿಗರೇಟು ಹೊಸಕಿ, ಹೂಂ, ಹೋಗು ಅಂದ.

ಹೋದೆ. ಕೇಳಿದೆ.
ಲ್ಯಾವ್ ನ್ಯಾಂಗ್‌ನ್ಯಾಂಗ್ ಉಪ್ಪು ಕೊಟ್ಟಳು.
ಕೊಟ್ಟವಳೇ, ಅಭ್ಯಾಸಬಲ ನೋಡಿ,
ಪಕ್ಕದಲ್ಲಿ ಒಂದು ಪ್ಯಾಕು ಸಿಗರೇಟನ್ನೂ ಇಟ್ಟಳು:
ಅದು ಮುದುಕನಿಗಲ್ಲವೇ.

ಉಪ್ಪು ತಿಂದ ಮನೆ ಅನ್ನುತ್ತೇವಲ್ಲ ನಾವು,
ಅದನ್ನು ಅವಳಿಗೆ ಹೇಳಬೇಕೆನಿಸಿತು.
ಸ್ವರ ಜಾರಿದರೆ ಹೊಗೆ ತಿಂದ ಮನೆಯಾದೀತೆಂದು
ಸುಮ್ಮನೆ ಎರಡಕ್ಕೂ ದುಡ್ಡು ಕೊಟ್ಟೆ.

ಗೇಟಿನಲ್ಲಿ
ಕುರ್ಚಿ ಆಗಲೇ ಒಂದು ಗೇಣು ಸರಿದಿತ್ತು.