ನೀಲಿ ಬೋಗುಣಿ

ಏಪ್ರಿಲ್ ಮುಗಿಯುತ್ತ ಬಂದರೂ ದವ್ರಾಜ್ ಬೆಟ್ಟ
ಹಿಮದ ಟೋಪಿ ತೆಗೆದಿಲ್ಲ.
ಕೆಳಗೆ ಎಯಿರ್ದಿರ್ ಸರೋವರದ ದಡದಲ್ಲಿ
ಸೇಬಿನ ಗಿಡಗಳು ನಿನ್ನೆಯಷ್ಟೇ ಬಾಯಿಬಿಟ್ಟಿವೆ,
ಮೊಗ್ಗಿಗೆ ಗುಲಾಬಿ, ಅರಳಿದ್ದಕ್ಕೆ ಬಿಳಿ.
ಹತ್ತು ಗಂಟೆಯ ಬಿಸಿಲು ತಾಕಿದ್ದೇ ತಡ
ಬಂದವು.

ಕಡಲೆಕಾಳಿಗಿಂತ ತುಸು ಉದ್ದ,
ಮಸಿಗಪ್ಪು; ಬೆನ್ನ ಮೇಲೆ ಯಾರೋ ಸುಣ್ಣ ಚಿಮುಕಿಸಿದ ಚುಕ್ಕೆ.
ಮೈತುಂಬ ಮಾಸಲು ಹಳದಿ ರೋಮ,
ಚಳಿಗೆ ಕಂಬಳಿ ಹೊದ್ದು ಹೊರಟ ಕುರಿಗಾಹಿಯೇ ಸರಿ.
ಹಾರುವಾಗ ಕವಚ ಬಿಚ್ಚುವುದಿಲ್ಲ;
ಪಕ್ಕದ ಸೀಳಿನಿಂದಲೇ ರೆಕ್ಕೆ ಚಾಚಿ
ಕೋಟು ಕಳಚದೆ ಈಜುವವನ ಹಾಗೆ
ಗುಂಯ್ ಎಂದು ಬಂದು
ಹೂವಿಗೆ ಢಿಕ್ಕಿ ಹೊಡೆದು ಕೂರುತ್ತದೆ.

ನಮ್ಮ ಕಾವ್ಯಗಳ ದುಂಬಿ ಅಲ್ಲ ಇದು.
ಸುತ್ತುವುದಿಲ್ಲ, ಹಾಡುವುದಿಲ್ಲ, ಮಧುವಿಗೆ ಹಾತೊರೆಯುವುದಿಲ್ಲ.
ನೇರ ನಡುಮನೆಗೆ ನುಗ್ಗಿ
ಕೇಸರ ಮೆಲ್ಲುತ್ತದೆ, ಪರಾಗ ಮುಕ್ಕುತ್ತದೆ,
ಹಣ್ಣಾಗಬೇಕಿದ್ದ ಹಸಿರು ನಾಳವನ್ನೂ ಬಿಡುವುದಿಲ್ಲ.
ಪಕಳೆ ಮಾತ್ರ ಉಳಿಯುತ್ತದೆ
ಉಂಡೆದ್ದ ಎಲೆಯ ಹಾಗೆ.

ತೋಟದೊಡತಿಯ ಹೆಸರು ಯೆತೆರ್.
ಹಾಗೆಂದರೆ ಸಾಕು.
ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದ ಐದನೆಯವಳು;
ನಮ್ಮ ಕಡೆ ಹುಟ್ಟಿದ್ದರೆ ಸಾಕಮ್ಮ.
ಗಂಡ ದುರ್ಮುಶ್, ಅಂದರೆ ನಿಂತವನು:
ಮುಂಚಿನ ಮೂವರು ನಿಲ್ಲಲಿಲ್ಲ.
ನಮ್ಮಲ್ಲಾದರೆ ತಿಪ್ಪೆಯಲ್ಲಿ ಹೊರಳಿಸಿ ಎತ್ತಿಕೊಂಡು
ತಿಪ್ಪಣ್ಣ ಎನ್ನುತ್ತಿದ್ದರು.

ಜೀರುಂಡೆಯೂ ತಿಪ್ಪಣ್ಣನೇ.
ತಾಯಿ ಮೊಟ್ಟೆಯಿಟ್ಟದ್ದು ಕೊಳೆತ ಎಲೆಯಡಿ, ಗೊಬ್ಬರದ ರಾಶಿಯಲ್ಲಿ;
ಬಿಳಿ ಹುಳು ಬೇಸಿಗೆಯಿಡೀ ಕಸ ತಿಂದು ಬೆಳೆದು,
ಯಾರ ಬೇರಿಗೂ ಬಾಯಿ ಹಾಕದೆ,
ರೆಕ್ಕೆ ಮೂಡಿದ ಮೇಲೂ ಮಣ್ಣಲ್ಲೇ ಮಲಗಿ
ಹಿಮ ಕರಗುವುದನ್ನು ಕಾಯುತ್ತದೆ.
ಹಂಗೇರಿಯ ಬಯಲಲ್ಲಿ, ಬಲ್ಗೇರಿಯದ ಚೆರ್ರಿ ತೋಪಲ್ಲಿ,
ಕಾಕಸಸ್ ತಪ್ಪಲಿನ ಹಾದಿಬದಿಯ ಹಳದಿ ಹೂಗಳಲ್ಲಿ
ಒಂದು ವಾರ ಹಿಂದುಮುಂದಾಗಿ
ಇದರ ಬಳಗವೆಲ್ಲ ಎದ್ದು ಕೂತಿರಬೇಕು,
ಅಲ್ಲೂ ಯಾರೋ ಬೈಯುತ್ತಿರಬೇಕು.

ಹೂ ಬಿಟ್ಟಾಗ ವಿಷ ಹೊಡೆಯುವಂತಿಲ್ಲ;
ಪಕ್ಕದಲ್ಲೇ ಜೇನುಪೆಟ್ಟಿಗೆ ಇಟ್ಟಿರುವ ಸೆವ್ಕೆತ್
ಸುಮ್ಮನಿರುವ ಆಸಾಮಿಯಲ್ಲ.
ಅದಕ್ಕೇ ನೀಲಿ ಬೋಗುಣಿ.
ಅರ್ಧ ನೀರು ತುಂಬಿ ಗಿಡದ ಬುಡಕ್ಕಿಟ್ಟರೆ
ನೀಲಿಯನ್ನೇ ಹೂವೆಂದು ಬಗೆದು
ತಾವಾಗಿ ಬಿದ್ದು ಮುಳುಗುತ್ತವೆ.
ಬೋಗುಣಿ ಸಾಲದೆ ಯೆತೆರ್
ಮೊಸರಿನ ಡಬ್ಬಗಳಿಗೆ ನೀಲಿ ಬಳಿದಳು,
ಮೊಮ್ಮಗನ ಸ್ನಾನದ ತೊಟ್ಟಿಯನ್ನೂ ಹೊತ್ತು ತಂದಳು.
ಮಧ್ಯಾಹ್ನದ ಹೊತ್ತಿಗೆ ಎರಡು ಬೊಗಸೆ.

ಚಹಾಕ್ಕೆ ಕೂತಾಗ ದುರ್ಮುಶ್
ಲೋಟ ಕೆಳಗಿಟ್ಟು ಅವಳ ತಲೆಯನ್ನೇ ನೋಡಿದ.
“ಏನು?”
“ಅಲುಗಬೇಡ.”
ನೀಲಿ ತಲೆವಸ್ತ್ರ. ಅದರ ಮೇಲೆ ಏಳು.
ಅಂಚಿನುದ್ದಕ್ಕೂ ಅವಳ ತಾಯಿ ಸೂಜಿಯಲ್ಲಿ ಹೆಣೆದ
ರೇಷ್ಮೆಯ ಪುಟ್ಟ ಹೂಗಳ ಸಾಲು;
ಒಂದೊಂದಕ್ಕೂ ಬಾಯಿ ಹಾಕಿ ನೋಡುತ್ತಿವೆ.
ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ
ಹೂವೇ ಎಂದು ಕರೆಯದ ಗಂಡ
ನಗಲಾರದೆ ಕೆಮ್ಮಿದ.
“ಇವಕ್ಕಾದರೂ ಗೊತ್ತಾಯಿತಲ್ಲ,” ಎಂದಳು ಯೆತೆರ್,
ಎರಡನೆಯ ಲೋಟ ಮುಗಿಯುವ ತನಕ ಅಲುಗಲಿಲ್ಲ.

ನಾಲ್ಕರ ನಂತರ ಸರೋವರದ ಗಾಳಿ ತಣ್ಣಗಾಗಿ
ಹಾರಾಟ ನಿಂತಿತು.
ಬೋಗುಣಿಗಳನ್ನು ಬಗ್ಗಿಸಿದಳು, ಕೋಳಿಗಳು ಓಡಿ ಬಂದವು.
ವಸ್ತ್ರ ಕೊಡವಿದಳು. ಆರು ಬಿದ್ದವು.
ಒಂದು ಬೀಳಲಿಲ್ಲ;
ದಾರದ ಹೂವಿನ ನಡುವೆ ಮುಳ್ಳುಗಾಲು ಸಿಕ್ಕಿ
ಇನ್ನೂ ಜಗಿಯುತ್ತಲೇ ಇತ್ತು,
ತಾಯಿ ಇಡದೆ ಹೋದ ಪರಾಗವನ್ನು ಹುಡುಕುತ್ತ.
ಉಗುರಿನಿಂದ ಒಂದೊಂದೇ ಕಾಲು ಬಿಡಿಸುತ್ತ
“ಯೆತೆರ್” ಎಂದಳು ಅದಕ್ಕೆ.
ಗದರಿದಳೋ, ಹೆಸರಿಟ್ಟಳೋ.
ಕೆಂಪು ಹೇಂಟೆಯೊಂದು ಕತ್ತು ಓರೆಮಾಡಿ
ಅವಳ ಅಂಗೈಯನ್ನೇ ನೋಡುತ್ತಿತ್ತು.