ಘಾಟಿ ಪುಸ್ತಕ

ಮೂಡಿಗೆರೆ ಡಿಪೋದಲ್ಲಿ ಚಾರ್ಮಾಡಿ ಇದ್ದದ್ದು
ನಾಲ್ಕೈದು ತಲೆಗಳಲ್ಲಿ.
ಹೆಚ್ಚಿನದು ಸಿಪ್ರಿಯನ್ ಲೋಬೊ ತಲೆಯಲ್ಲಿ:
ಯಾವ ತಿರುವಿಗೆ ಹಾರ್ನು, ಯಾವುದಕ್ಕೆ ಬರೀ ಲೈಟು,
ಏಳನೆಯದಕ್ಕೆ ಗೇರು ಇಳಿಸುವುದು
ಬಂಡೆ ಕಂಡ ಮೇಲಲ್ಲ, ಬಂಡೆಯ ವಾಸನೆ ಬಂದಾಗ.
ಕೇಳಿದರೆ ನಗುತ್ತಿದ್ದ:
"ಹೇಳಿಬಿಟ್ಟರೆ ನನ್ನನ್ನು ಯಾರು ಕೇಳ್ತಾರೆ ಮಾರಾಯ್ತಿ?"

ನಾನು ಕಂಡಕ್ಟರು,
ಹನ್ನೊಂದು ವರ್ಷ ಅವನ ಬೆನ್ನು ಓದಿದವಳು.
ಭುಜ ಎಡಕ್ಕೆ ವಾಲಿದರೆ ಕಂಬ ಹಿಡಿಯುತ್ತಿದ್ದೆ.
ನನಗೆ ದಕ್ಕಿದ ವಿದ್ಯೆ ಅಷ್ಟೇ.

ನಿವೃತ್ತಿಯ ದಿನ ಹಾರ, ಗಡಿಯಾರ, ಭಾಷಣ.
ಸಂಜೆ ಘಾಟಿಯನ್ನೂ ಮಡಚಿಕೊಂಡು ಮನೆಗೆ ಹೋದ.
ಆ ವರ್ಷ ಮೂರು ಬಂಪರು, ಒಂದು ಮೋರಿ,
ಒಂದಿಡೀ ರಾತ್ರಿ ನಲವತ್ತು ಜನ ಬಸ್ಸಿನಲ್ಲೇ.

ಮೇಲಿನಿಂದ ಆದೇಶ: ಅನುಭವ ಹಂಚಿಕೊಳ್ಳಿ.
ಮೊಳೆಗೆ ದಾರ ಕಟ್ಟಿ ನೋಟ್‌ಬುಕ್ಕು ತೂಗುಹಾಕಿದರು.
ಎರಡು ತಿಂಗಳು
"ಸರಿ ಇದೆ." ಸಹಿ. "ಸರಿ ಇದೆ." ಸಹಿ.
ನಡುವೆ ಯಾರದೋ ಚೀಟಿ ಲೆಕ್ಕ.

ಆಮೇಲೆ ಬಂದ ಸಂಗನಬಸು,
ಇಂಡಿ ಕಡೆಯ ಬಯಲಿನವನು,
ಅಡ್ಡ ಬಂದ ಮೋಡಕ್ಕೂ ಬ್ರೇಕು ಒತ್ತಿದವನು.
ದಪ್ಪಕ್ಷರದಲ್ಲಿ ಬರೆದ:
"ಇವತ್ತ ನಾ ತಪ್ಪ ಮಾಡೀನಿ.
ಗುಡಿ ದಾಟಿದ ಮ್ಯಾಲ ಥರ್ಡಿನ್ಯಾಗ ತಿರುಗಿಸಿದೆ.
ಕಾಲ ಇನ್ನಾ ನಡಗಲತ್ತಾವ. ಗೊತ್ತಿದ್ದವ್ರು ಹೇಳ್ರಿ."

ಪುಟ ಎರಡು ದಿನ ಹಾಗೇ ಇತ್ತು.
ಮೂರನೆಯ ದಿನ ಕೆಳಗೆ ಪೆನ್ಸಿಲಿನಲ್ಲಿ, ಯೂಸುಫ್:
"ನಾನೂ ಅಲ್ಲೇ. ತೊಂಬತ್ತೆಂಟರಲ್ಲಿ. ಯಾರಿಗೂ ಹೇಳಿರಲಿಲ್ಲ."

ಆಮೇಲೆ ನಕ್ಷೆ, ಜಗಳ, ಬಾಣದ ಗುರುತು,
ಮಲಯಮಾರುತದ ಹತ್ತಿರ ಮಲಗುವ ದನಗಳ ಹೊತ್ತು.
ಮೆಕಾನಿಕ್ಕು ಓದಿದ, ಲೈನರು ಬೇಗ ಬದಲಿಸಿದ.
ಟೈಮ್‌ಕೀಪರ್ ಓದಿ ರಾತ್ರಿ ಗಾಡಿಗೆ
ಹನ್ನೆರಡು ನಿಮಿಷ ಸೇರಿಸಿದ,
ಯಾರನ್ನೂ ಕೇಳದೆ.

ಇದನ್ನು ಮೆಚ್ಚಿ ಆಫೀಸಿನವರು
ಹದಿನಾಲ್ಕು ಕಾಲಮ್ಮಿನ ಫಾರಂ ಅಚ್ಚು ಹಾಕಿಸಿದರು.
ಒಂಬತ್ತನೆಯ ಕಾಲಂ: ತಪ್ಪು ಮಾಡಿದವರ ಹೆಸರು.
ಮರುದಿನದಿಂದ ಮತ್ತೆ
"ಸರಿ ಇದೆ."

ಪುಸ್ತಕ ಈಗ ಕ್ಯಾಂಟೀನಿನಲ್ಲಿದೆ, ಸಕ್ಕರೆ ಡಬ್ಬದ ಹಿಂದೆ,
ಅಂಚಿಗೆ ಇರುವೆ.

ಮೊನ್ನೆ ಪಿಂಚಣಿ ಕಾಗದಕ್ಕೆ ಬಂದ ಲೋಬೊ
ಚಹಾ ಆರುವವರೆಗೂ ಓದಿದ.
ನನ್ನ ಪೆನ್ನು ಕೇಳಿದ. ಬರೆದ:
"ವಾಸನೆ ಗೀಸನೆ ಏನಿಲ್ಲ, ಸುಮ್ಮನೆ ಹೇಳಿದ್ದು.
ಇಳಿಯುವಾಗ ಕಿವಿ ಗುಂಯ್ ಅನ್ನುತ್ತೆ,
ಆಗ ಸೆಕೆಂಡಿಗೆ ಹಾಕಿ."

ಪೆನ್ನು ಮಾತ್ರ
ಜೇಬಿಗಿಟ್ಟುಕೊಂಡು ಹೋದ.